ಹೊನ್ನಿ ದಾರಿ ಕಲಿತದ್ದು

ನನ್ನ ಮಗಳು ಹೊನ್ನವ್ವನಿಗೆ ಹನ್ನೊಂದು ತುಂಬಿದರೂ ಒಬ್ಬಳೇ ಮನೆಗೆ ಬರಲು ಬರುತ್ತಿರಲಿಲ್ಲ. ಬೇರೆ ಊರಿನವರಿಗೆ ಇದು ನಗುವ ಮಾತಾಗಿ ಕಾಣಬಹುದು. ನಮ್ಮ ಊರಲ್ಲಿ ಬೀದಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಜನ ಅಡ್ಡಾಗುವ ಹೊತ್ತಿಗೆ ದೊಡ್ಡ ಬೀಸುಕಲ್ಲು ಎಳೆದ ಹಾಗೆ ಒಂದು ಸದ್ದು ಏಳುತ್ತದೆ. ನಾಗಂದಿಗೆಯ ಮೇಲಿನ ತಾಟುಗಳು ಗಲಗಲ ಎನ್ನುತ್ತವೆ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಎದ್ದು ಬಾಗಿಲು ತೆಗೆದರೆ ಬೆಳಿಗ್ಗೆ ಎದುರಿಗಿದ್ದ ಕಮ್ಮಾರರ ಸಾಲು ಹೋಗಿ ಅಲ್ಲಿ ಮಸೀದಿಯ ಹಿಂಗೋಡೆ ಬಂದು ನಿಂತಿರುತ್ತದೆ. ಒಂದು ಸಾಲಿನ ಮನೆಗಳು ಮಾತ್ರ ಒಂದನ್ನೊಂದು ಬಿಟ್ಟು ಹೋಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಪಕ್ಕದ ಮನೆಯವರ ಜೊತೆ ಜಗಳ ಕಡಿಮೆ, ಎದುರು ಮನೆಯವರ ಜೊತೆ ಎಷ್ಟು ಬೇಕಾದರೂ ಆಡುತ್ತಾರೆ. ಡಾಕ್ಟರರ ಸಾಲು ಹತ್ತಿರ ಬಂದ ದಿನ ಕೆಮ್ಮು ಇದ್ದವರೂ ಇಲ್ಲದವರೂ ಹೋಗಿ ತೋರಿಸಿಕೊಂಡು ಬರುತ್ತಾರೆ. ಬಸ್ಸು ಊರೊಳಗೆ ಬರುವುದಿಲ್ಲ, ಕೆರೆ ಏರಿಯ ಮೇಲೆ ಜನರನ್ನು ಇಳಿಸಿ ತಿರುಗಿ ಹೋಗುತ್ತದೆ. ಕೆರೆಯೊಂದೇ ಸರಿಯುವುದಿಲ್ಲ.

ನಾನು ಮನೆಮನೆಗೆ ಹಾಲು ಹಾಕುವವನು, ಹೆಸರು ಫಕೀರಪ್ಪ. ನಮ್ಮಪ್ಪನೂ ಹಾಲು ಹಾಕಿದವನೇ. ಈ ಊರಲ್ಲಿ ಬೆಳಗಿನ ಹಾಲು ಯಾರು ಬೇಕಾದರೂ ಹಾಕಬಹುದು, ಸಂಜೆಯ ಹಾಲು ಹಾಕುವುದಕ್ಕೆ ದಾರಿ ಓದಲು ಬರಬೇಕು. ಗಟಾರದ ನೀರು ಎಂದಿಗೂ ಕೆರೆಯ ಕಡೆಗೇ ಹರಿಯುತ್ತದೆ. ನೀರು ನೋಡಿ ಕೆರೆ ಯಾವ ಕಡೆ ಎಂದು ತಿಳಿಯಬೇಕು, ಹೊತ್ತು ನೋಡಿ ಉಳಿದ ದಿಕ್ಕು ಹಿಡಿಯಬೇಕು, ಯಾವ ಸಾಲು ಎಷ್ಟು ಸರಿದಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ನಮ್ಮಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ. ಶಾಲೆಯಲ್ಲಿ ಮನೆ ಪರೀಕ್ಷೆ ಅಂತ ಒಂದಿರುತ್ತದೆ. ಬೀದಿಗಳು ಸರಿದು ಮುಗಿದ ಮೇಲೆ ಮಗುವನ್ನು ಕೆರೆ ಏರಿಯ ಮೇಲೆ ಬಿಟ್ಟು ಬರುತ್ತಾರೆ, ಅದು ಒಬ್ಬಂಟಿಯಾಗಿ ಮನೆ ಸೇರಬೇಕು. ಸೇರದ ಮಕ್ಕಳನ್ನು ದೊಡ್ಡವರಾದ ಮೇಲೂ ಯಾರೂ ಒಬ್ಬರನ್ನೇ ಹೊರಗೆ ಕಳಿಸುವುದಿಲ್ಲ. ಕೆಲಸಕ್ಕೆ ಕರೆಯುವುದಿಲ್ಲ, ಸೊಸೆ ಮಾಡಿಕೊಳ್ಳುವುದಿಲ್ಲ. ಅಂಥವರು ಒಬ್ಬಿಬ್ಬರು ಪ್ರತಿ ಸಾಲಿನಲ್ಲೂ ಇದ್ದಾರೆ. ಕಿಟಕಿಯಲ್ಲಿ ಕೂತು ಎದುರಿಗೆ ಏನು ಬಂತು ಎಂದು ನೋಡುತ್ತಾ ಮುದುಕರಾಗುತ್ತಾರೆ. ಅವರನ್ನು ಕಂಡಾಗಲೆಲ್ಲ ನನಗೆ ಹೊನ್ನಿಯ ನೆನಪಾಗುತ್ತಿತ್ತು. ಹೊನ್ನಿ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ತಪ್ಪಿದ್ದಳು. ಎರಡು ಸಲವೂ ಅವಳನ್ನು ಯಾರೋ ಗುರುತಿನವರು ಕೈಹಿಡಿದು ಕರೆತಂದು ಬಿಟ್ಟರು. ಎರಡು ಸಲವೂ ಅವಳ ಬಾಯಲ್ಲಿ ಅವರು ಕೊಟ್ಟ ಬೆಲ್ಲ ಇತ್ತು.

ಹಾಗಾಗಿ ಸಂಜೆಯ ಹಾಲಿಗೆ ಅವಳನ್ನು ನನ್ನ ಜೊತೆ ಕರೆದುಕೊಂಡು ಹೋಗತೊಡಗಿದೆ. ಕ್ಯಾನು ಇಳಿಸಿದ ಕಡೆಯಲ್ಲೆಲ್ಲ ಕೇಳುತ್ತಿದ್ದೆ.

"ಹೊನ್ನಿ, ಎಲ್ಲಿ ಅದೀವಿ ಹೇಳು."

"ರಾಚಮ್ಮಕ್ಕನ ಮನಿ ಮುಂದ."

"ಅದು ನನಗೂ ಕಾಣತದ. ಕೆರಿ ಯಾವ ಕಡೆ?"

ಅವಳು ಆಕಾಶ ನೋಡುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು. ಗಟಾರವೊಂದನ್ನು ಬಿಟ್ಟು ಎಲ್ಲವನ್ನೂ ನೋಡುತ್ತಿದ್ದಳು.

"ರಾಚಮ್ಮಕ್ಕನ ಸೊಸಿ ನಿನ್ನೆಯಿಂದ ಉಂಡಿಲ್ಲಪ್ಪ. ತವರಿಗೆ ಕಳಸವಲ್ರು ಅಂತ."

"ನಾ ಕೇಳಿದ್ದು ಏನು? ನೀ ಹೇಳೂದು ಏನು?"

"ನಂಗ ಗೊತ್ತಾಗೂದಿಲ್ಲಪ್ಪ," ಎನ್ನುತ್ತಿದ್ದಳು. ಹಟಕ್ಕೆ ಹೇಳುತ್ತಿರಲಿಲ್ಲ, ನಿಜಕ್ಕೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನೀರು ಹರಿಯುವುದನ್ನು ತೋರಿಸಿದರೆ ಹೂಂ ಎನ್ನುತ್ತಿದ್ದಳು. ಒಂದು ತಿರುವು ದಾಟಿದರೆ ಅದು ಅವಳ ತಲೆಯಿಂದ ಹೋಗಿರುತ್ತಿತ್ತು. ಆದರೆ ಒಂದು ಮನೆಯ ಕಟ್ಟೆಯ ಮೇಲೆ ಅರೆಗಳಿಗೆ ಕೂತರೆ ಸಾಕು, ಆ ಮನೆಯಲ್ಲಿ ಯಾರಿಗೆ ಯಾವ ಸಂಕಟ ಎಂಬುದು ಅವಳಿಗೆ ತಿಳಿದಿರುತ್ತಿತ್ತು. ಕೇಳಿ ತಿಳಿದುಕೊಳ್ಳುತ್ತಿದ್ದಳು ಎಂದಲ್ಲ, ಜನ ತಾವಾಗಿಯೇ ಹೇಳುತ್ತಿದ್ದರು.

ನನ್ನ ಗಿರಾಕಿಗಳಲ್ಲಿ ತುಂಗಕ್ಕ ಎಂಬುವಳೊಬ್ಬಳಿದ್ದಳು. ಅವಳ ಒಬ್ಬನೇ ಮಗ ಕೆರೆಯಲ್ಲಿ ಈಜಲು ಹೋಗಿ ಮುಳುಗಿದ. ಅಂದಿನಿಂದ ಅವಳು ಬಾಗಿಲು ತೆಗೆದು ಯಾರೊಂದಿಗೂ ಮಾತಾಡಿರಲಿಲ್ಲ. ಹೊರಗೆ ಒಂದು ತಂಬಿಗೆ ಇಟ್ಟಿರುತ್ತಿದ್ದಳು, ನಾನು ಅದರಲ್ಲಿ ಹಾಲು ಸುರಿದು ಮುಂದೆ ಹೋಗುತ್ತಿದ್ದೆ. ಒಂದು ಸಂಜೆ ಪಕ್ಕದ ಮನೆಯಿಂದ ಹೊರಬಂದು ನೋಡುತ್ತೇನೆ, ಹೊನ್ನಿ ತುಂಗಕ್ಕನ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಒಬ್ಬಳೇ ಮಾತಾಡುತ್ತಿದ್ದಾಳೆ. ನಮ್ಮ ಎಮ್ಮೆ ಈದದ್ದು, ಕರುವಿನ ಒಂದು ಕಿವಿ ಬೆಳ್ಳಗಿರುವುದು, ಅದು ಹಾಲು ಕುಡಿಯುವಾಗ ಗುದ್ದುವುದು, ಹೀಗೇ ಏನೇನೋ. ಗದರಿಸಿ ಎಬ್ಬಿಸಿಕೊಂಡು ಹೋದೆ. ಮರುದಿನವೂ ಹಾಗೇ ಕೂತಳು, ಅದರ ಮರುದಿನವೂ. ಬೈದು ಬೈದು ಸಾಕಾಗಿ, ನಾನು ಆ ಸಾಲು ಮುಗಿಸಿ ಬರುವವರೆಗೆ ಅವಳನ್ನು ಅಲ್ಲೇ ಬಿಡತೊಡಗಿದೆ. ಒಂದು ದಿನ ತಿರುಗಿ ಬಂದಾಗ ಬಾಗಿಲು ತೆಗೆದಿತ್ತು. ತುಂಗಕ್ಕ ಹೊಸ್ತಿಲ ಒಳಗೆ ಕೂತಿದ್ದಳು, ಹೊನ್ನಿ ಅವಳ ಜಡೆಗಟ್ಟಿದ ಕೂದಲನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದಳು.

ತುಂಗಕ್ಕ ನನ್ನನ್ನು ನೋಡಿ, "ಫಕೀರಪ್ಪ, ನಾಳಿಂದ ಸ್ವಲ್ಪ ಹೆಚ್ಚಿಗಿ ಹಾಕು. ಚಾ ಮಾಡಬೇಕು," ಎಂದಳು.

ಅಂದು ಹೊತ್ತಾಗಿ ಕ್ಯಾನಿನ ತಳದ ಹಾಲು ಒಡೆದುಹೋಗಿತ್ತು. ಕೊನೆಯ ಸಾಲಿನವರು ಬೈದರು. ಮನೆಗೆ ಬಂದು ನನ್ನ ಹೆಂಡತಿ ನೀಲವ್ವನ ಮುಂದೆ ಕೂಗಾಡಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಊರಾಗ ಯಾರ ಕೈಲೂ ಆ ಬಾಗ್ಲ ತಗಸಾಕ ಆಗಿದ್ದಿಲ್ಲ. ನಿಮ್ಮ ಮಗಳ ಕೈಲೆ ಆತು. ಅದನ್ನೊಂದರ ಒಪ್ಪಿಕೋರಿ," ಎಂದಳು.

"ಒಪ್ಪಿಕೊಂಡ್ರ ಆಕಿಗೆ ಮನಿಗೆ ಬರಾಕ ಬರತದೇನು?"

"ಕಲಸಬ್ಯಾಡ್ರಿ ಅಂದೆನೇನು? ಕಲಸ್ರಿ. ಆಕಿ ಇದ್ದಂಗ ಇಟಗೊಂಡು ಕಲಸ್ರಿ."

ನಮ್ಮವ್ವ ಸಂಕವ್ವ ಒಲೆಯ ಪಕ್ಕ ಕೂತು ಕೈ ಕಾಯಿಸಿಕೊಳ್ಳುತ್ತಿದ್ದಳು. ಅವಳ ನೆನಪು ಆಗಲೇ ಅಲ್ಲಲ್ಲಿ ಹರಿಯತೊಡಗಿತ್ತು. ನನ್ನನ್ನು ಕೆಲವು ಸಲ ತನ್ನ ಅಣ್ಣನ ಹೆಸರು ಹಿಡಿದು ಕರೆಯುತ್ತಿದ್ದಳು. ಹೊನ್ನಿಯ ಹೆಸರನ್ನು ಮಾತ್ರ ತಪ್ಪುತ್ತಿರಲಿಲ್ಲ. ಹೊನ್ನಿಗೆ ಅವಳು ಆಯಿ. ಅಜ್ಜಿ ಮೊಮ್ಮಗಳು ಒಂದೇ ಕೌದಿಯೊಳಗೆ ಮಲಗುತ್ತಿದ್ದರು.

ನೀಲವ್ವ ಹೇಳಿದ್ದು ನನಗೆ ತಿಳಿಯಲಿಲ್ಲ ಎಂದಲ್ಲ. ತುಂಗಕ್ಕನ ಬಾಗಿಲು ತೆಗೆದದ್ದು ನೋಡಿ ನನ್ನ ಎದೆಯೂ ಒಂದು ಗಳಿಗೆ ಉಬ್ಬಿತ್ತು. ಆದರೆ ನಾನು ಇಲ್ಲದ ಮೇಲೆ ಈ ಹುಡುಗಿಯ ಗತಿ ಏನು ಎಂಬ ಯೋಚನೆ ಬಂದರೆ ಉಳಿದದ್ದೆಲ್ಲ ಮಸುಕಾಗುತ್ತಿತ್ತು. ಪರೀಕ್ಷೆ ಮತ್ತೆ ಹತ್ತಿರ ಬರುತ್ತಿತ್ತು. ಒಂದು ಸಂಜೆ ಅವಳನ್ನು ನೇಕಾರರ ಸಾಲಿನ ಮೂಲೆಯಲ್ಲಿ ನಿಲ್ಲಿಸಿ, "ನಾ ಮುಂದ ಹೋಗತೀನಿ. ನೀರು ನೋಡಿಕೋತ ಮನಿಗೆ ಬಾ," ಎಂದು ಹೇಳಿ, ಒಂದು ಗೋಡೆಯ ಮರೆಗೆ ಹೋಗಿ ನಿಂತು ನೋಡಿದೆ. ಅವಳು ಸ್ವಲ್ಪ ಹೊತ್ತು ಗಟಾರ ನೋಡಿದಳು. ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ಎದುರಿನ ಕಟ್ಟೆಯ ಮೇಲೆ ಒಬ್ಬ ಮುದುಕ ನೂಲಿನ ಗಂಟು ಬಿಡಿಸಲಾಗದೆ ಗೊಣಗುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಹೋಗಿ ಅವನ ಪಕ್ಕ ಕೂತಳು. ಹೊತ್ತು ಮುಳುಗುವ ತನಕ ಕೂತಿದ್ದಳು. ತಾನು ಮನೆಗೆ ಹೋಗಬೇಕಾದವಳು ಎಂಬುದೇ ಅವಳಿಗೆ ನೆನಪಿರಲಿಲ್ಲ. ನಾನು ಹೋಗಿ ರಟ್ಟೆ ಹಿಡಿದು ಎಳೆದೆ. ದಾರಿಯುದ್ದಕ್ಕೂ ಬೈದೆ. ಮನೆಯ ಹೊಸ್ತಿಲ ಮೇಲೆ ನಿಲ್ಲಿಸಿ ಹೇಳಿದೆ.

"ಇನ್ನ ಮ್ಯಾಲ ಯಾರ ಮನಿ ಕಟ್ಟೀನೂ ಹತ್ತಬ್ಯಾಡ. ಯಾರ ಕೂಡನೂ ಮಾತಾಡಬ್ಯಾಡ. ದಾರಿ ಕಲಿಯೂ ತನಕ ಈ ಹೊಸ್ತಿಲ ದಾಟಬ್ಯಾಡ. ತಿಳೀತೋ ಇಲ್ಲೋ?"

"ತಿಳೀತಪ್ಪ," ಎಂದಳು. ಅಳಲಿಲ್ಲ. ರಟ್ಟೆಯ ಮೇಲೆ ನನ್ನ ಬೆರಳಿನ ಗುರುತು ಮೂಡಿತ್ತು, ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು, ನನಗೆ ಕಾಣದಿರಲಿ ಎಂಬಂತೆ.

ಅದಾದ ಕೆಲವು ದಿನಗಳಿಗೆ, ಚಳಿ ಜೋರಾಗಿದ್ದ ಕಾಲದಲ್ಲಿ, ನಮ್ಮವ್ವ ಮನೆ ಬಿಟ್ಟು ಹೋದಳು. ನಾನು ಹಾಲು ತರಲು ಹೋಗಿದ್ದೆ. ನೀಲವ್ವ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಬೀದಿಗಳು ಅಂದು ಎಂದಿಗಿಂತ ಜೋರಾಗಿ ಸರಿದವು, ಕೆರೆ ದಂಡೆಯವರೆಗೂ ಸದ್ದು ಕೇಳಿತಂತೆ. ನೀಲವ್ವ ತಿರುಗಿ ಬಂದಾಗ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅತ್ತೆಯೂ ಇಲ್ಲ, ಮಗಳೂ ಇಲ್ಲ. ಪಕ್ಕದ ಮನೆಯ ಕಲ್ಲವ್ವ ಹೇಳಿದಳು: "ಸಂಕವ್ವಾಯಿ ಸೀರಿ ಗಂಟು ಕಟಗೊಂಡು ತವರಿಗೆ ಹೊಂಟೀನಿ ಅಂತ ಹೋದ್ಲು. ನಾ ಒಲಿ ಮ್ಯಾಲ ಎಸರಿಟ್ಟಿದ್ದೆ, ಹಿಡೀಲಿಕ್ಕೆ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊನ್ನಿ ಹೊರಗ ಬಂದ್ಲು. ಹೊಸ್ತಿಲ ಮ್ಯಾಲ ಭಾಳ ಹೊತ್ತು ನಿಂತಿದ್ಲು. ಆಮ್ಯಾಲ ದಾಟಿ ಓಡಿದ್ಲು."

ನಮ್ಮವ್ವನ ತವರು ಹುಣಸೆಮರದ ಸಾಲು. ಅವಳು ಮದುವೆಯಾಗಿ ಬಂದ ಮೇಲೆ ಆ ಸಾಲು ಎಲ್ಲಿ ಸರಿದರೂ ಊರಿಗೆ ಬೆನ್ನು ಹಾಕಿಯೇ ನಿಲ್ಲತೊಡಗಿತು. ಅಲ್ಲಿನವರು ಬೇಸತ್ತು ಒಬ್ಬೊಬ್ಬರಾಗಿ ಬಿಟ್ಟುಹೋದರು. ಈಗ ಅಲ್ಲಿ ಯಾರೂ ಇಲ್ಲ, ಸೂರು ಕುಸಿದ ಮನೆಗಳಷ್ಟೇ. ಹಾಲು ಹಾಕುವ ಕೆಲಸವಿಲ್ಲದ್ದರಿಂದ ನಾನೂ ಆ ಕಡೆ ಹೋಗಿ ವರ್ಷಗಳಾಗಿದ್ದವು. ಆದರೂ ಲೆಕ್ಕ ಹಾಕಿದೆ. ಹಿಂದೆ ಕಂಡಾಗ ಅದು ಇದ್ದ ಜಾಗ, ಅಂದಿನಿಂದ ಸುತ್ತಲ ಸಾಲುಗಳು ಸರಿದ ಬಗೆ, ಎಲ್ಲ ಕೂಡಿಸಿ ಕಳೆದು, ಅದು ಕೆರೆಯ ಬಡಗಣ ತುದಿಯಲ್ಲಿ ಇರಬೇಕು ಎಂದೆ. ನಮ್ಮ ಸಾಲಿನ ಗಂಡಸರೆಲ್ಲ ಬಂದರು. "ಫಕೀರಪ್ಪ ಹೇಳಿದ್ರ ಅದು ಅಲ್ಲೇ ಇರತದ," ಎಂದರು.

ಹೋಗುವ ದಾರಿಯಲ್ಲಿ ಕಮ್ಮಾರರ ಸಾಲಿನ ಒಬ್ಬ ಹೆಂಗಸು ಬಾಗಿಲಿಗೆ ಬಂದು ನಮ್ಮನ್ನು ತಡೆದಳು.

"ನಿಮ್ಮ ಹೊನ್ನಿ ಬಂದಿದ್ಲ್ರಿ. ಆಯಿ ಈ ಕಡೆ ಬಂದಾಳೇನು ಅಂತ ಕೇಳಿದ್ಲು. ಗಂಟು ಹಿಡಕೊಂಡು ಹೋಗೂದು ನೋಡಿದ್ದೆ, ಹೇಳಿದೆ. ಆವಾಗ ನಮ್ಮ ಎದುರಿಗೆ ಬಡಿಗೇರ ಸಾಲು ಇತ್ತು, ಆ ಕಡೆ ಓಡಿದ್ಲು."

ಜೊತೆಯಲ್ಲಿದ್ದವರು ನನ್ನ ಮುಖ ನೋಡಿದರು. ಬಡಿಗೇರ ಸಾಲು ಆಗ ಊರಿನ ತೆಂಕಣ ಬದಿಗೆ ಸರಿದಿತ್ತು, ನನ್ನ ಲೆಕ್ಕಕ್ಕೆ ಪೂರಾ ತಿರುವುಮುರುವು.

"ಆ ಹುಡುಗಿ ಆ ಕಡೆ ಹೋಗ್ಯಾಳ ಅಂದ್ರ ಅದು ಆ ಕಡೆ ಇಲ್ಲ ಅಂತನ ಅರ್ಥ," ಎಂದೆ ನಾನು. ಒಬ್ಬಿಬ್ಬರು ನಕ್ಕರು. ನಾವು ಬಡಗಣಕ್ಕೇ ಹೋದೆವು.

ಅಲ್ಲಿ ಹುಣಸೆಮರದ ಸಾಲು ಇರಲಿಲ್ಲ. ಇನ್ನೂ ಮುಂದಿರಬೇಕು ಎಂದೆ, ಇಲ್ಲವೇ ಮಧ್ಯಾಹ್ನ ಸರಿಯುವಾಗ ಮೂಡಣಕ್ಕೆ ಹೊರಳಿರಬೇಕು ಎಂದೆ. ಹೊತ್ತು ಮುಳುಗುವ ತನಕ ಅವರನ್ನೆಲ್ಲ ಅಲೆದಾಡಿಸಿದೆ. ಕತ್ತಲಾದ ಮೇಲೆ ನೀರು ಕಾಣುವುದಿಲ್ಲವಾದ್ದರಿಂದ ನಮ್ಮ ಊರಲ್ಲಿ ಯಾರೂ ಹೊರಗೆ ತಿರುಗುವುದಿಲ್ಲ. ಎಲ್ಲರೂ ಮನೆಗೆ ಹೋದರು. ನಾನೂ ಬಂದೆ. ಅಷ್ಟು ಹೊತ್ತಿಗೆ ಹೊನ್ನಿ ಕಮ್ಮಾರರ ಸಾಲಿಗೆ ಬಂದಿದ್ದ ಸುದ್ದಿ ಗಂಡಸರಿಂದ ಕಲ್ಲವ್ವನಿಗೆ, ಕಲ್ಲವ್ವನ ಬಾಯಿಂದ ನೀಲವ್ವನಿಗೂ ಮುಟ್ಟಿತ್ತು.

ನಸುಕು ಹರಿದ ಕೂಡಲೇ ನೀಲವ್ವ ಎದ್ದು ಸೆರಗು ಬಿಗಿದು, "ನಾ ಕಮ್ಮಾರ ಸಾಲಿಗೆ ಹೊಂಟೆ. ನೀವು ಲೆಕ್ಕ ಹಾಕಿಕೋತ ಕುಂದರ್ರಿ," ಎಂದಳು. ನಾನು ಅವಳ ಹಿಂದೆ ನಡೆದೆ.

ಕಮ್ಮಾರರ ಸಾಲಿನಿಂದ ಬಡಿಗೇರ ಸಾಲಿಗೆ ಹೋದೆವು. ಹೊನ್ನಿ ಬಂದಿದ್ದಳೇ ಎಂದು ನೀಲವ್ವ ಕೇಳಿದಳು. ಬಂದಿದ್ದಳು, ಒಂದು ಮನೆಯಲ್ಲಿ ನೀರು ಕುಡಿದಿದ್ದಳು, ಆ ಮನೆಯ ಮಗುವನ್ನು ಎತ್ತಿಕೊಂಡು ಮಾತಾಡಿಸಿದ್ದಳು. ಆಗ ಅವರ ಬೆನ್ನಿಗೆ ಎಣ್ಣೆ ಗಾಣದ ಸಾಲು ಇತ್ತು, ಅಲ್ಲಿಗೆ ಹೋದಳು. ಗಾಣದವರಲ್ಲಿ ಕೇಳಿದೆವು. ಅವರೂ ಕಂಡಿದ್ದರು. ಪ್ರತಿ ಮನೆಯವರಿಗೂ ಅವಳ ಹೆಸರು ಗೊತ್ತಿತ್ತು. ನಾನು ಹುಟ್ಟಿನಿಂದ ಹಾಲು ಹಾಕುತ್ತಿರುವ ಊರಲ್ಲಿ ಜನ ನನ್ನನ್ನು "ಹೊನ್ನಿ ಅಪ್ಪ" ಎಂದು ಗುರುತಿಸಿದರು. ಸಾಲುಗಳು ಎಲ್ಲೆಲ್ಲಿಗೆ ಸರಿದಿದ್ದರೂ ಮನೆಯಿಂದ ಮನೆಗೆ ಅವಳು ಹೋದ ದಾರಿ ಮಾತ್ರ ಎಲ್ಲೂ ಹರಿದಿರಲಿಲ್ಲ. ಹಿಂದಿನ ಸಂಜೆ ನಾನು ಇದೇ ಮಾತನ್ನು ಕೇಳಿದ್ದರೆ ಬೆಳಕಿರುವಾಗಲೇ ಅವಳನ್ನು ಸೇರಬಹುದಿತ್ತು. ಕೊನೆಗೆ ಮೇದಾರರ ಸಾಲಿನ ಹಿತ್ತಿಲಲ್ಲಿ ಬುಟ್ಟಿ ಹೆಣೆಯುತ್ತಿದ್ದವನೊಬ್ಬ, "ನಮ್ಮ ಹಿಂದಿನ ಪಾಳು ಮನಿಗೋಳ ಕಡೆ ಹೋದ್ಲು. ಅಲ್ಲಿ ಯಾರೂ ಇಲ್ಲವ್ವ ಅಂದೆ. ನಮ್ಮಾಯಿ ಇರತಾಳ ಅಂದ್ಲು," ಎಂದ.

ಹಿತ್ತಿಲ ಗೋಡೆ ದಾಟಿದೆವು. ಊರಿಗೆ ಬೆನ್ನು ಹಾಕಿ ನಿಂತ ಆ ಸಾಲಿನ ಮೂರನೆಯ ಮನೆಯ ಅಂಗಳದಲ್ಲಿ, ಮಣ್ಣಿನ ಗೋಡೆಗೆ ಒರಗಿ ಹೊನ್ನಿ ಕೂತಿದ್ದಳು. ನಮ್ಮವ್ವನ ತಲೆ ಅವಳ ತೊಡೆಯ ಮೇಲಿತ್ತು. ಗಂಟಿನಲ್ಲಿದ್ದ ಸೀರೆಗಳನ್ನೆಲ್ಲ ಬಿಚ್ಚಿ ಅವಳ ಮೇಲೆ ಹೊದಿಸಿತ್ತು. ಹೊನ್ನಿಯ ಮೈಮೇಲೆ ಲಂಗ ಪೋಲಕ ಬಿಟ್ಟರೆ ಏನೂ ಇರಲಿಲ್ಲ, ತುಟಿ ನೀಲಿಗಟ್ಟಿತ್ತು.

"ಅಪ್ಪ, ಆಯಿ ಈಗ ಹೋದ್ಲು. ಹಕ್ಕಿ ಕೂಗಾಕತ್ತಿದ್ದವು, ಆವಾಗ," ಎಂದಳು.

ನೀಲವ್ವ ಕುಸಿದು ಕೂತು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು. ನಾನು ನಮ್ಮವ್ವನ ಕಾಲು ಮುಟ್ಟಿ ನೋಡಿದೆ. ಬಲಗಾಲು ತೊಡೆಯ ಹತ್ತಿರ ಸೊಟ್ಟಗಾಗಿತ್ತು.

ಹೊನ್ನಿ ಹೇಳುತ್ತಾ ಹೋದಳು. ಅವಳು ಬಂದಾಗ ಆಯಿ ಮೆಟ್ಟಿಲ ಮೇಲಿಂದ ಬಿದ್ದು ನರಳುತ್ತಿದ್ದಳಂತೆ. ಎತ್ತಲು ಹೋದರೆ ಚೀರಿದಳಂತೆ. ಹೊನ್ನಿ ಕೂಗಿ ಕರೆದಳಂತೆ. ಅಷ್ಟರಲ್ಲಿ ಆ ಸಾಲು ಮೇದಾರರ ಹಿತ್ತಿಲು ಬಿಟ್ಟು ಊರ ಹೊರಗಿನ ಬಯಲಿಗೆ ಸರಿದಿತ್ತು. ಯಾರೂ ಇಲ್ಲದ ಆ ಸಾಲಿಗೆ ಸರಿಯಲು ಮಧ್ಯಾಹ್ನವೇ ಆಗಬೇಕೆಂದಿಲ್ಲ, ಬೆಳಗಿನ ಜಾವ ಮತ್ತೆ ತಿರುಗಿ ಬಂದಿತ್ತು.

"ನೀರು ಕೇಳಿದ್ಲಪ್ಪ. ಭಾಳ ಸಲ ಕೇಳಿದ್ಲು. ಬಯಲಿನ ಆ ಕಡೆ ಬಾವಿ ಇರತದ ಅಂತ ಆಯಿನ ಹೇಳಿದ್ಲು. ಹೋಗಬೇಕು ಅನಿಸಿತು. ಆದರ ಹೋದ್ರ ಇಲ್ಲಿಗೆ ತಿರುಗಿ ಬರಾಕ ನನಗ ಬರೂದಿಲ್ಲಲ್ಲ. ಆಕಿ ಒಬ್ಬಾಕಿನ ಆಗತಾಳ ಅಂತ ಬಿಟ್ಟು ಹೋಗಲಿಲ್ಲ."

ನೀಲವ್ವ ತನ್ನ ಸೆರಗನ್ನು ಅವಳ ಮೈಗೆ ಸುತ್ತಿದಳು.

"ಆಮ್ಯಾಲ ನೀರು ಕೇಳೂದು ಬಿಟ್ಲು. ನನಗ ಅವ್ವಾ ಅಂತ ಕರದ್ಲು. ನಾ ಹೂಂ ಅಂದೆ. ದನ ಬಂದವೇನವ್ವ ಅಂದ್ಲು, ಬಂದವು ಅಂದೆ. ಅಪ್ಪ ಬೈತಾನೇನು ಅಂದ್ಲು. ಇಲ್ಲ, ಯಾರೂ ಬೈಯೂದಿಲ್ಲ ಮಲಗು ಅಂದೆ. ನಕ್ಕು ಮಲಗಿದ್ಲು."

ಹೆಣ ಎತ್ತಿಕೊಂಡು ಬಂದೆವು. ಡಾಕ್ಟರರು ಬಂದು ನೋಡಿ, ತೊಡೆಯ ಮೂಳೆ ಮುರಿದಿತ್ತು ಅಷ್ಟೇ, ಅದರಿಂದ ಸಾಯುವಂಥದ್ದಲ್ಲ, ಚಳಿ ಮತ್ತು ನೀರಡಿಕೆ ಕೊಂದವು ಎಂದರು. ಮೆಲ್ಲಗೆ ಹೇಳಿದರು. ಆದರೆ ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳಿಸಿತು. ಮಣ್ಣು ಮಾಡಿ ಬಂದ ಮೇಲೆ ಅಲ್ಲಿ ಇಲ್ಲಿ ಮಾತು ಹುಟ್ಟಿತು. "ಬ್ಯಾರೆ ಯಾವ ಹುಡುಗಿ ಇದ್ರೂ ಓಡಿ ಬಂದು ಕರೀತಿದ್ಲು," ಎಂದರು. "ಬಾವಿ ತನಕಾದ್ರೂ ಹೋಗಬಾರದೇನು," ಎಂದರು. ದಾರಿ ಬಂದಿದ್ದರೆ ಅವಳು ನಮ್ಮವ್ವನನ್ನು ಉಳಿಸುತ್ತಿದ್ದಳು, ಅದು ನಿಜ. ದಾರಿ ಬರುವ ನಾವೆಲ್ಲ ನಮ್ಮವ್ವನ ಹತ್ತಿರವೂ ಸುಳಿಯಲಿಲ್ಲ, ಅವಳು ಒಬ್ಬಳೇ ಸಾಯದಂತೆ ನೋಡಿಕೊಂಡವಳು ಈ ಹುಡುಗಿ, ಅದೂ ನಿಜ. ಎರಡನ್ನೂ ಎದೆಯಲ್ಲಿ ಇಟ್ಟುಕೊಂಡು ಕೂತರೆ ಒಂದು ಇನ್ನೊಂದನ್ನು ಕರಗಿಸುತ್ತಿರಲಿಲ್ಲ.

ಹೊನ್ನಿಯನ್ನು ಹತ್ತಿರ ಕರೆದು ಹೇಳಲು ನೋಡಿದೆ. "ನೀ ಮಾಡಿದ್ದು ಯಾರಿಗೂ ಆಗತಿದ್ದಿಲ್ಲವ್ವ," ಎಂದೆ.

"ನೀರು ಕೊಡಲಿಲ್ಲಲ್ಲಪ್ಪ ನಾ," ಎಂದಳು.

ಅವಳ ಅಜ್ಜಿಯ ದಿನಕರ್ಮ ಮುಗಿದ ಮರುದಿನ ಸಂಜೆ ಅವಳೇ ಹಾಲಿನ ಕ್ಯಾನಿನ ಪಕ್ಕ ಬಂದು ನಿಂತಳು. "ನನಗ ದಾರಿ ಕಲಸಪ್ಪ," ಎಂದಳು. ಇಷ್ಟು ವರ್ಷ ನಾನು ಕಾದಿದ್ದ ಮಾತು. ಬೇಡ ಎನ್ನಲು ಬಾಯಿ ಬರಲಿಲ್ಲ, ಈ ಊರಲ್ಲಿ ಬೇಡ ಎನ್ನುವ ಹಾಗೂ ಇಲ್ಲ. ಕಲಿಸಿದೆ. ಮೊದಲಿನ ಹಾಗೆ ಗದರಿಸಲಿಲ್ಲ. ತಪ್ಪಿದರೆ ಮತ್ತೆ ತೋರಿಸಿದೆ, ಮತ್ತೆ ತಪ್ಪಿದರೆ ಮತ್ತೆ ತೋರಿಸಿದೆ. ಅವಳು ಕುಕ್ಕುರುಗಾಲಿನಲ್ಲಿ ಕೂತು ಗಟಾರದ ನೀರನ್ನು ನೋಡುತ್ತಿದ್ದಳು, ಹುಲ್ಲಿನ ಕಡ್ಡಿ ಹಾಕಿ ಅದು ಯಾವ ಕಡೆ ತೇಲುತ್ತದೆ ಎಂದು ನೋಡುತ್ತಿದ್ದಳು. ತಲೆಯಲ್ಲಿ ನಿಲ್ಲದ್ದನ್ನು ನಾಲಿಗೆಯ ಮೇಲೆ ನಿಲ್ಲಿಸಲು ಪಿಟಿಪಿಟಿ ಎಂದು ಬಾಯಿಪಾಠ ಮಾಡುತ್ತಿದ್ದಳು. ಅವಳಿಗೆ ಅದು ಸುಲಭಕ್ಕೆ ಬರಲಿಲ್ಲ. ಒಮ್ಮೊಮ್ಮೆ ತಪ್ಪಿದಾಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ನಾನು ಕೈ ಹಿಡಿದುಕೊಳ್ಳುತ್ತಿದ್ದೆ. ಮನೆಗಳ ಬಾಗಿಲಿಂದ ಜನ, "ಹೊನ್ನೀ, ಬಾರವ್ವ ಒಳಗ," ಎಂದು ಕರೆಯುತ್ತಿದ್ದರು. ಅವಳಿಗೆ ಕೇಳಿಸುತ್ತಿರಲಿಲ್ಲ, ಅಥವಾ ಕೇಳಿಸಿಯೂ ಕಣ್ಣು ನೀರಿನ ಮೇಲಿಂದ ತೆಗೆಯುತ್ತಿರಲಿಲ್ಲ.

"ಹೋಗಿ ಒಂದು ಗಳಿಗಿ ಕೂತು ಬಾ. ನಾ ಕಾಯತೀನಿ," ಎಂದು ನಾನೇ ಹೇಳತೊಡಗಿದೆ.

"ಬ್ಯಾಡಪ್ಪ. ಮರೀತದ," ಎನ್ನುತ್ತಿದ್ದಳು.

ಬೇಸಿಗೆಯ ಹೊತ್ತಿಗೆ ಪರೀಕ್ಷೆ ಬಂತು. ಕೆರೆ ಏರಿಯ ಮೇಲೆ ಬಿಟ್ಟು ಬಂದರು. ಜೊತೆಯ ಮಕ್ಕಳೆಲ್ಲ ಮನೆ ಸೇರಿ ಬಹಳ ಹೊತ್ತಾದ ಮೇಲೆ, ಬೆವರು ಸುರಿಸುತ್ತಾ, ಗಟಾರದ ಅಂಚು ಹಿಡಿದು ಒಬ್ಬಳೇ ನಡೆದುಬಂದಳು. ಬಾಯಲ್ಲಿ ಬೆಲ್ಲ ಇರಲಿಲ್ಲ. ಶಾಲೆಯ ಅಕ್ಕೋರು ನನಗೆ ಕೈಮುಗಿದು, "ಅಂತೂ ಗೆದ್ದಿರಿ ಫಕೀರಪ್ಪ," ಎಂದರು. ಕಲ್ಲವ್ವ ಸಕ್ಕರೆ ಹಂಚಿದಳು. ನೀಲವ್ವ ಮಗಳನ್ನು ಮಡಿಲಿಗೆ ಎಳೆದುಕೊಂಡು ತಲೆ ಸವರಿದಳು. ಹೊನ್ನಿ ಮರದ ತುಂಡಿನ ಹಾಗೆ ಕೂತಿದ್ದಳು. ಅವಳ ಬಾಯಿ ಇನ್ನೂ ಪಿಟಿಪಿಟಿ ಎನ್ನುತ್ತಿತ್ತು.

ಮರುದಿನ ಸಂಜೆ ಅವಳು ಮುಂದೆ, ನಾನು ಹಿಂದೆ, ಹಾಲು ಹಾಕುತ್ತಾ ಹೋದೆವು. ಅಕ್ಕಸಾಲಿಗರ ಸಾಲಿನ ಕೊನೆಯಲ್ಲಿ ಒಂದು ಕಟ್ಟೆಯ ಮೇಲೆ ಹೊಸ ಮದುವಣಗಿತ್ತಿಯೊಬ್ಬಳು ಕೂತು ಅಳುತ್ತಿದ್ದಳು. ಕೈತುಂಬ ಹಸಿರು ಬಳೆ, ಪಕ್ಕದಲ್ಲಿ ತುಂಬಿದ ಕೊಡ. ಬೇರೆ ಊರಿನಿಂದ ಬಂದವಳು, ಮಧ್ಯಾಹ್ನ ನೀರು ತರಲು ಹೋಗಿ ತಿರುಗಿ ಬರುವಷ್ಟರಲ್ಲಿ ಅವಳ ಗಂಡನ ಮನೆ ಅಲ್ಲಿರಲಿಲ್ಲ. ಹೊನ್ನಿ ಅವಳ ಮುಂದೆ ನಿಂತಳು.

"ಯಾವ ಸಾಲಿನ ಮನಿ ನಿಮ್ದು?"

ಆ ಹುಡುಗಿ ಬಿಕ್ಕುತ್ತಾ ಹೇಳಿದಳು. ಹೊನ್ನಿ ಬಗ್ಗಿ ನೀರು ನೋಡಿದಳು, ಹೊತ್ತು ನೋಡಿದಳು, ತುಟಿ ಅಲುಗಿಸಿ ಲೆಕ್ಕ ಹಾಕಿದಳು. "ನೀರು ಎಡಗಡೆ ಇಟಗೊಂಡು ಹೋಗ್ರಿ. ಎರಡನೇ ತಿರುವಿಗೆ ಹೊಳ್ಳ್ರಿ. ಅಲ್ಲೇ ಅದ," ಎಂದಳು. ನಾನೂ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ, ಅವಳು ಹೇಳಿದ್ದು ಸರಿ ಇತ್ತು. ಹೇಳಿ ಮುಂದೆ ನಡೆದಳು. ಮದುವಣಗಿತ್ತಿ ಏಳಲಿಲ್ಲ. ಮೊಣಕಾಲಿಗೆ ಮುಖ ಒತ್ತಿ ಮೊದಲಿಗಿಂತ ಹೆಚ್ಚು ಅಳತೊಡಗಿದಳು.

"ಹೊನ್ನಿ, ಆಕಿ ಹತ್ರ ಸ್ವಲ್ಪ ಕುಂದರವ್ವ," ಎಂದೆ.

"ದಾರಿ ಹೇಳಿದ್ನಲ್ಲಪ್ಪ."

"ದಾರಿಗೆ ಅಳಾಕತ್ತಿಲ್ಲ ಆಕಿ."

ಹೊನ್ನಿ ತಿರುಗಿ ಅವಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆದರೆ ಕಾಲು ಕೀಳಲಿಲ್ಲ. ಕೊನೆಗೆ ನಾನೇ ಕ್ಯಾನು ಇಳಿಸಿ ಕಟ್ಟೆಯ ಇನ್ನೊಂದು ತುದಿಗೆ ಕೂತೆ. ಏನಾದರೂ ಹೇಳಬೇಕೆಂದು, "ಯಾವೂರವ್ವ ನಿಂದು?" ಎಂದೆ. ಅವಳು ಸೆರಗು ಮುಂದಕ್ಕೆ ಎಳೆದುಕೊಂಡು ದೂರ ಸರಿದಳು. ಎದ್ದು ಬಂದೆ.

"ಕಟ್ಟಿ ಮ್ಯಾಲ ಕೂತು ನೀ ಜನರ ಕೂಡ ಏನ್ ಮಾತಾಡತಿದ್ದಿ?" ಎಂದು ಮಗಳನ್ನು ಕೇಳಿದೆ. "ನನಗೂ ಸ್ವಲ್ಪ ಕಲಸು."

ಅವಳು ನಿಜವಾಗಿಯೂ ಯೋಚನೆ ಮಾಡಿದಳು. ಹುಬ್ಬು ಗಂಟಿಕ್ಕಿ, ಎಲ್ಲೋ ಇಟ್ಟು ಮರೆತ ಸಾಮಾನನ್ನು ಹುಡುಕುವವಳ ಹಾಗೆ ನೆಲ ನೋಡುತ್ತಾ ನಿಂತಳು.

"ಅದನ್ನ ಹ್ಯಾಂಗ ಕಲಸೂದಪ್ಪ?" ಎಂದಳು. "ಅದು ಸುಮ್ಮನ ಬರತಿತ್ತು."

ಬಗ್ಗಿ ಸಣ್ಣ ಕ್ಯಾನು ಎತ್ತಿಕೊಂಡು ಅವಳು ಮುಂದೆ ನಡೆದಳು. ತಿರುವಿನಲ್ಲಿ ಸರಿಯಾದ ಕಡೆಗೇ ತಿರುಗಿದಳು. ಹಿಂದೆ ಆ ಹುಡುಗಿಯ ಅಳು ಕೇಳುತ್ತಲೇ ಇತ್ತು. ಮುಂದೆ ಇನ್ನೂ ಅರ್ಧ ಊರಿಗೆ ಹಾಲು ಹಾಕುವುದಿತ್ತು. ನಾನು ನನ್ನ ಮಗಳ ಹಿಂದೆ ಹೋದೆ.